ಗೆಳೆಯನಿಗೊಂದು ಪತ್ರ: ಕಂದು ಸೂಟು, ಹಸಿರು ಟೈ ಮತ್ತು ನನ್ನ ಜ್ವರ

ಪ್ರೀತಿಯ ಛತ್ರಿ,

ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ನನ್ನ ಉದ್ದದ ಮೆಸೇಜುಗಳನ್ನು ನೀನು ಓದುವುದಿಲ್ಲ ಅಂತ ಈಚೆಗೆ ಖಾತ್ರಿಯಾಗಿದೆ. ಹೇಗೆ ಖಾತ್ರಿಯಾಯಿತು ಅನ್ನೋದನ್ನು ಮುಂದೆ ಹೇಳ್ತೀನಿ. ನಾಲ್ಕು ಜನ ನೋಡುವ ಕಡೆ ಹಾಕಿದರೆ ಅವರಲ್ಲಿ ಯಾರಾದರೂ "ಇದು ನಿನಗೇ ಬರೆದದ್ದಲ್ವಾ?" ಎಂದು ಕೇಳುತ್ತಾರೆ. ಆಗ ಮರ್ಯಾದೆಗಾದರೂ ಓದುತ್ತೀಯ. ಉಳಿದವರು ದಯವಿಟ್ಟು ಮಧ್ಯೆ ಬಾಯಿ ಹಾಕಬೇಡಿ. ಯಾರೂ ಹಾಕದೇ ಇದ್ದರೆ ಅದಕ್ಕೂ ಬೇಜಾರು ಮಾಡಿಕೊಳ್ಳುತ್ತೇನೆ, ಆ ಮಾತು ಬೇರೆ.

ಮೊದಲು ಕೆಲಸದ ಮಾತು. ಹಳೇ ಕಾಲದ ಸೂಟುಗಳ ಬಗ್ಗೆ ಬರೆಯಲು ಶುರು ಮಾಡಿದ ಮೇಲೆ ಜನ ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ. ಕಂದು ಸೂಟಿಗೆ ಯಾವ ಬಣ್ಣ ಹೊಂದುತ್ತದೆ? ನೇವಿ ಬ್ಲೂ ಬಗ್ಗೆ ಯಾರೂ ಕೇಳುವುದಿಲ್ಲ, ಬೂದು ಬಣ್ಣದ ಬಗ್ಗೆಯೂ ಕೇಳುವುದಿಲ್ಲ. ಅವು ಯಾವುದರ ಪಕ್ಕ ನಿಲ್ಲಿಸಿದರೂ ತೆಪ್ಪಗೆ ನಿಲ್ಲುತ್ತವೆ. ಕಂದು ಮಾತ್ರ ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡಿಕೊಂಡೇ ತನ್ನ ಮುಖ ಬದಲಿಸುತ್ತದೆ. ಅಚ್ಚ ಬಿಳಿ ಅಂಗಿಯ ಮೇಲೆ ಹಾಕಿದರೆ ಈಗಷ್ಟೇ ಕೆಸರಲ್ಲಿ ಬಿದ್ದೆದ್ದು ಬಂದವನ ಹಾಗೆ ಕಾಣುತ್ತೀಯ. ಅದೇ ಸೂಟಿನೊಳಗೆ ಕೆನೆಬಣ್ಣದ ಅಂಗಿ ಹಾಕು, ಮೈಗೆ ಒಂದು ಬಿಸುಪು ಬರುತ್ತದೆ. ತಿಳಿನೀಲಿ ಹಾಕಿದರೆ ಇನ್ನೂ ಚೆಂದ. ಇದಕ್ಕೆ ಕಾರಣವೂ ಇದೆ ಕಣೋ. ಕಾಮನಬಿಲ್ಲಿನಲ್ಲಿ ಕಂದು ಬಣ್ಣವೇ ಇಲ್ಲ. ಕಂದು ಅಂದರೆ ಮಂಕಾದ ಕಿತ್ತಳೆ. ಕತ್ತಲೆ ಕೋಣೆಯಲ್ಲಿ ಬರೀ ಕಿತ್ತಳೆ ಬೆಳಕೊಂದನ್ನೇ ಇಟ್ಟು ಎಷ್ಟು ಸಣ್ಣದು ಮಾಡಿದರೂ ಅದು ಕಂದಾಗುವುದಿಲ್ಲ, ಮಂದ ಕಿತ್ತಳೆಯಾಗಿಯೇ ಉಳಿಯುತ್ತದೆ. ಸುತ್ತಮುತ್ತ ಅದಕ್ಕಿಂತ ಬೆಳಗುವಂಥದ್ದು ಏನಾದರೂ ಇದ್ದರೆ ಮಾತ್ರ ನಮ್ಮ ಕಣ್ಣು ಅದನ್ನು ಕಂದು ಅನ್ನುತ್ತದೆ. ಕಿತ್ತಳೆಗೆ ಎದುರಿನ ಬಣ್ಣ ನೀಲಿ, ಹಾಗಾಗಿ ತಿಳಿನೀಲಿ ಅಂಗಿ ಪಕ್ಕದಲ್ಲಿ ಕಂದು ಎದೆಯುಬ್ಬಿಸಿ ನಿಲ್ಲುತ್ತದೆ.

ನಮ್ಮ ಭಾಷೆಯಲ್ಲಂತೂ ಅದಕ್ಕೆ ಹುಟ್ಟಿನಲ್ಲೇ ಅನ್ಯಾಯವಾಗಿದೆ. ಕಂದುವುದು ಅಂದರೆ ಬಾಡುವುದು. ಮುಖ ಕಂದಿತು ಅಂತೀವಿ. ಹೆಸರಿನಲ್ಲೇ ಸೋತ ಬಣ್ಣ, ಪಾಪ.

ಟೈ ವಿಷಯಕ್ಕೆ ಬಂದರೆ ಮೆರೂನ್, ಬಾಟಲಿ ಹಸಿರು, ಸಾಸಿವೆ ಹಳದಿ, ನೇವಿ. ಇಷ್ಟಿದ್ದರೆ ಜೀವನ ಕಳೆಯಬಹುದು. ಟ್ವೀಡ್ ಅನ್ನುವ ಒರಟು ಉಣ್ಣೆ ಬಟ್ಟೆಯ ಮೇಲೆ ಮಿರಮಿರ ಮಿಂಚುವ ರೇಷ್ಮೆ ಟೈ ಮಾತ್ರ ಬೇಡ, ಉಣ್ಣೆಯದ್ದೋ ಹೆಣೆದದ್ದೋ ಆದರೆ ಸರಿ. ಶೂ ಯಾವಾಗಲೂ ಸೂಟಿಗಿಂತ ಒಂದು ಛಾಯೆ ಗಾಢವಾಗಿರಲಿ. ಎರಡೂ ಒಂದೇ ಬಣ್ಣವಾದರೆ ಪ್ಯಾಂಟು ಎಲ್ಲಿ ಮುಗಿಯಿತು, ಶೂ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ, ಮರದ ಬೊಂಬೆ ನಡೆದು ಬಂದ ಹಾಗಿರುತ್ತದೆ. ಇನ್ನು 1930ರ ದಶಕದ ಪ್ಯಾಂಟುಗಳು ಹೊಕ್ಕುಳಿನವರೆಗೆ ಏರಿ, ಹೆಗಲ ಮೇಲಿನ ಪಟ್ಟಿಗೆ ಜೋತು ಬೀಳುತ್ತವೆ. ಆಗಿನ ಟೈಗಳೂ ಅದಕ್ಕೆ ತಕ್ಕಂತೆ ಗಿಡ್ಡ. ಈಗಿನ ಉದ್ದದ ಟೈಯನ್ನು ಆ ಪ್ಯಾಂಟಿನ ಮೇಲೆ ಕಟ್ಟಿದರೆ ಏನಾಗುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ. ಲಿಫ್ಟಿನ ಬಾಗಿಲು ನೆನಪಿದೆಯಲ್ಲ. ಸರಿ, ಬಿಡು.

ಇನ್ನೊಂದು ವಿಷಯ, ಬೆಳಕು. ಕನ್ನಡಿ ಮುಂದಿನ ದೀಪದಲ್ಲಿ ಅಣ್ಣ ತಮ್ಮಂದಿರ ಹಾಗಿದ್ದ ಕೋಟು, ಟೈ ಬಿಸಿಲಿಗೆ ಬಂದ ತಕ್ಷಣ ಜಗಳಕ್ಕೆ ಬೀಳುತ್ತವೆ. ಒಂದು ಹಸಿರಿಗೆ ತಿರುಗುತ್ತದೆ, ಇನ್ನೊಂದು ಕೆಂಪಿಗೆ. ಇದಕ್ಕೆ ಮೆಟಾಮೆರಿಸಂ ಅಂತ ದೊಡ್ಡ ಹೆಸರಿದೆ. ಕಿಟಕಿ ಹತ್ತಿರ ನಿಂತು ಜೋಡಿಸು ಅನ್ನುವುದಷ್ಟೇ ಅದರ ಮದ್ದು.

ಲಂಡನ್ನಿನಲ್ಲಿ ಒಂದು ಹಳೇ ಕಟ್ಟಳೆ ಇತ್ತು, ಪಟ್ಟಣದೊಳಗೆ ಕಂದು ಬೇಡ ಅಂತ. ಲೇವಾದೇವಿಯ ಜನ ಕಪ್ಪು, ಬೂದು, ಕಡುನೀಲಿಯಲ್ಲಿರಬೇಕು. ಕಂದು ಏನಿದ್ದರೂ ಹಳ್ಳಿಗೆ, ಬೇಟೆಗೆ, ರಜೆಗೆ. ಮುಂದೆ ಎಂಟನೇ ಎಡ್ವರ್ಡ್ ಆದ ರಾಜಕುಮಾರ ನೀಲಿ ಸೂಟಿಗೆ ಕಂದು ಸ್ವೇಡ್ (ಮಖಮಲಿನಂತೆ ಮೃದುವಾದ ಚರ್ಮ) ಶೂ ಹಾಕಿ ಓಡಾಡಿದ. ರಾಜನ ಮಗ, ಅವನಿಗೆ ಯಾರು ಏನು ಹೇಳುತ್ತಾರೆ. ಅಮೆರಿಕದಲ್ಲಿ ರೇಗನ್ ಅಧ್ಯಕ್ಷರಾಗಿದ್ದಾಗಲೂ ಕಂದು ಸೂಟು ಬಿಡಲಿಲ್ಲ. ಒಬಾಮಾ 2014ರ ಆಗಸ್ಟ್ 28ರಂದು ಕಂದಿನ ತಮ್ಮನಂಥ ಮಾಸಲು ಬಣ್ಣದ ಸೂಟು ಹಾಕಿ ಯುದ್ಧದ ಮಾತಾಡಿದರೆ ಜನ ಯುದ್ಧ ಬಿಟ್ಟು ಸೂಟಿನ ಮೇಲೆ ಬಿದ್ದರು. ಇವೆಲ್ಲ ನಗುವ ಕಥೆಗಳು. ನಗು ಬಾರದ್ದೂ ಒಂದಿದೆ. 2016ರಲ್ಲಿ ಬ್ರಿಟನ್ನಿನ ಸೋಷಿಯಲ್ ಮೊಬಿಲಿಟಿ ಕಮಿಷನ್ ಒಂದು ವರದಿ ತಂದಿತು. ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳ ಕೆಲಸಕ್ಕೆ ಬಂದ ಬಡ ಮನೆಯ ಹುಡುಗರು ಸೂಟಿಗೆ ಕಂದು ಶೂ ಹಾಕಿದ್ದಕ್ಕೂ ಹಿಂದೆ ಬೀಳುತ್ತಿದ್ದರಂತೆ. ಲೆಕ್ಕದಲ್ಲಿ ಜಾಣರೇ. ಶೂ ಬಗ್ಗೆ ಹೇಳುವವರು ಮನೆಯಲ್ಲಿ ಇರಲಿಲ್ಲ, ಅಷ್ಟೆ. ಹೊರಡುವ ಮೊದಲು ಕಾಲಿನ ಕಡೆ ನೋಡಿ "ಲೋ, ಅದು ಬೇಡ, ಕಪ್ಪು ಹಾಕ್ಕೋ" ಅನ್ನಲು ಒಬ್ಬರಿರಬೇಕಲ್ಲ.

ನನಗೆ ನೀನಿದ್ದೆ.

ಇದು ಇಲ್ಲಿ ಓದುತ್ತಿರುವ ಯಾರಿಗೂ ಗೊತ್ತಿಲ್ಲ. ಅವರೆಲ್ಲ ನನ್ನನ್ನು ಈ ವಿಷಯದಲ್ಲಿ ಪಂಡಿತ ಅಂದುಕೊಂಡಿದ್ದಾರೆ. ಆ ಪಂಡಿತ ಏಳು ವರ್ಷಗಳಿಂದ ಪ್ರತಿ ಸಲ ಮನೆಯಿಂದ ಹೊರಡುವ ಮೊದಲು ಕನ್ನಡಿಯ ಫೋಟೋ ತೆಗೆದು ನಿನಗೆ ಕಳಿಸಿ "ಹೋಗುತ್ತಾ?" ಎಂದು ಕೇಳುತ್ತಾನೆ, ನೀನು "ಸೂಪರ್. ಹೊರಡು" ಅಂದಮೇಲೇ ಬಾಗಿಲಿಗೆ ಬೀಗ ಹಾಕುತ್ತಾನೆ. ಅದೂ ಯಾರನ್ನು ಕೇಳುತ್ತಾನೆ ನೋಡಿ, ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಹಾಕಿಕೊಂಡು ಆಫೀಸಿಗೆ ಹೋಗಿ, ಸಂಜೆ ಮನೆಗೆ ಬಂದಮೇಲೂ ಗಮನಿಸದ ಮನುಷ್ಯನನ್ನು.

ಈಗ ಜ್ವರದ ವಿಷಯ.

ಹೋದ ತಿಂಗಳು ನಿನ್ನ 40ನೇ ಹುಟ್ಟುಹಬ್ಬದ ದಿನ ನನಗೆ ಜ್ವರ ಬಂದಿತ್ತಲ್ಲ, ಬಂದಿರಲಿಲ್ಲ.

ಅವತ್ತಿಗೆಂದೇ ಒಂದು ಸೂಟು ಎತ್ತಿಟ್ಟಿದ್ದೆ. ಇಂಗ್ಲೆಂಡಿನದ್ದು, ತಂಬಾಕಿನ ಬಣ್ಣ, ಕೋಟು, ವೇಸ್ಟ್‌ಕೋಟು, ಪ್ಯಾಂಟು ಸೇರಿ ಮೂರು ತುಂಡು. ಅಲ್ಲಿನ ಹಳೇ ದರ್ಜಿಗಳ ರೂಢಿಯಂತೆ ಒಳಜೇಬಿನೊಳಗೆ ಒಂದು ಚೀಟಿ ಹೊಲಿದಿದೆ. ಅದರಲ್ಲಿ ಶಾಯಿಯಲ್ಲಿ ಹೊಲಿಸಿಕೊಂಡವನ ಹೆಸರು, 1947 ಎಂಬ ಇಸವಿ. ಅಲ್ಲಿ ಆಗ ಬಟ್ಟೆಗೆ ಇನ್ನೂ ರೇಷನ್ ಇತ್ತು. 1941ರಲ್ಲಿ ಶುರುವಾದಾಗ ಒಬ್ಬರಿಗೆ ವರ್ಷಕ್ಕೆ 66 ಕೂಪನ್ನು, ಮೂರು ತುಂಡಿನ ಸೂಟೊಂದಕ್ಕೇ ಅದರಲ್ಲಿ 26 ಹೋಗುತ್ತಿತ್ತು. ಅದು ಮುಗಿದದ್ದು 1949ಕ್ಕೆ. ಅಷ್ಟು ಬಿಗಿಯ ಕಾಲದಲ್ಲಿ, ಒಂದೇ ಒಂದು ಸೂಟು ಹೊಲಿಸಲು ಹೊರಟವನು ಎಲ್ಲಕ್ಕೂ ಒಗ್ಗುವ ಬೂದು ಬಣ್ಣ ಬಿಟ್ಟು ಕಂದು ಆರಿಸಿದ್ದಾನೆ. ಆ ಚೀಟಿ ಓದುವಾಗೆಲ್ಲ ನನಗೆ ಅದೇ ಯೋಚನೆ. ಇವನೂ ಯಾರನ್ನೋ ಕೇಳಿರಬೇಕು, ಅವರು ಹೂಂ ಅಂದಿರಬೇಕು.

ಆರು ಗಂಟೆಗೆ ಕನ್ನಡಿ ಮುಂದೆ ನಿಂತೆ. ಕೆನೆಬಣ್ಣದ ಅಂಗಿ. ಮೂರು ಟೈ: ಹಸಿರು, ಮೆರೂನ್, ಸಾಸಿವೆ. ಮೂರೂ ಹೊಂದುತ್ತವೆ, ಅದರ ಮೇಲೆ ಎರಡು ಸಾವಿರ ಪದ ಬರೆದವನು ನಾನೇ. ಹಸಿರು ಕಟ್ಟಿ ಫೋಟೋ ತೆಗೆದು "ಹೋಗುತ್ತಾ?" ಎಂದು ಬೆರಳಚ್ಚಿಸಿ ಅಳಿಸಿದೆ. ನಿನ್ನ ಮನೆಗೇ ಬರುತ್ತಾ, ನಿನ್ನ ಹಬ್ಬಕ್ಕೇ ಬರುತ್ತಾ, ಬಾಗಿಲಲ್ಲಿ ಹತ್ತು ಜನರನ್ನು ಬರಮಾಡಿಕೊಳ್ಳುತ್ತಿರುವ ನಿನ್ನನ್ನೇ ಹೇಗೆ ಕೇಳುವುದು? ಮೆರೂನ್ ಕಟ್ಟಿದೆ. ಬಿಚ್ಚಿದೆ. ಏಳಾಯಿತು, ಎಂಟಾಯಿತು. ಮತ್ತೆ ಹಸಿರು. ಕೈ ಬೆವರಿ ಟೈ ತುದಿ ಒದ್ದೆಯಾಗಿತ್ತು. ಒಂಬತ್ತಕ್ಕೆ ಕೋಟು ಕುರ್ಚಿಯ ಮೇಲೆ ಹಾಕಿ, ಅಂಗಿ ಪ್ಯಾಂಟಿನಲ್ಲೇ ಮಂಚದ ಮೇಲೆ ಬಿದ್ದುಕೊಂಡು "ಜ್ವರ ಕಣೋ" ಅಂತ ಕಳಿಸಿದೆ. ನೀನು "ಸರಿ, ಮಲಗು" ಅಂದೆ. ನಿಜ ಹೇಳಬೇಕೆಂದರೆ, ಆ ಉತ್ತರ ಬಂದ ಮೇಲೆಯೇ ನಿದ್ದೆ ಬಂದದ್ದು.

ಮಾರನೇ ದಿನ ನೀನು ಫೋಟೋ ಕಳಿಸಿದೆ. ಹನ್ನೆರಡು ಜನ, ಹನ್ನೆರಡು ಟೀ ಶರ್ಟು. ನೀನು ಚಡ್ಡಿಯಲ್ಲಿದ್ದೆ.

ಆಮೇಲೆ ಸುಮ್ನೆ ಕೂತು ನಮ್ಮ ಹಳೇ ಮೆಸೇಜುಗಳನ್ನೆಲ್ಲ ಹಿಂದಕ್ಕೆ ಸರಿಸುತ್ತಾ ಹೋದೆ. ಎಣಿಸಿದೆ. 214 ಸಲ "ಹೋಗುತ್ತಾ?" ಎಂದು ಕೇಳಿದ್ದೇನೆ. 214 ಸಲ ನೀನು ಹೊರಡು ಅಂದಿದ್ದೀಯ. ಒಂದೇ ಒಂದು ಸಲ ಬೇಡ ಅಂದಿಲ್ಲ. ನನ್ನ ಆಯ್ಕೆ ಅಷ್ಟು ಚೆನ್ನಾಗಿತ್ತಾ ಎಂದು ಒಳಗೊಳಗೇ ಖುಷಿಪಡುತ್ತಿರುವಾಗ ಒಂದು ಫೋಟೋ ಸಿಕ್ಕಿತು. ಅಡುಗೆಮನೆಯ ಸೋರುವ ನಲ್ಲಿ. ಪ್ಲಂಬರ್‌ಗೆ ಕಳಿಸಬೇಕಾದದ್ದು ಕೈ ತಪ್ಪಿ ನಿನಗೆ ಬಂದಿದೆ. ಅದರ ಕೆಳಗೆ ಅದೇ ನಿಮಿಷದಲ್ಲಿ ನಿನ್ನ ಉತ್ತರ.

"ಸೂಪರ್. ಹೊರಡು."

ಲೋ ಛತ್ರಿ, ಏಳು ವರ್ಷ! ಒಂದನ್ನಾದರೂ ತೆರೆದು ನೋಡಿದ್ದೀಯಾ? ಮೊದಲು ಮೈ ಉರಿಯಿತು. ಫೋನ್ ಮಾಡಿ ಬೈಯಬೇಕು ಅಂತ ನಂಬರ್ ಒತ್ತುವವರೆಗೂ ಹೋದೆ. ಒತ್ತಲಿಲ್ಲ. ನೀನು ಫೋಟೋ ನೋಡಿಲ್ಲ ಅನ್ನುವುದಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ನೋಡಿ ಹೇಳುತ್ತಿದ್ದೀಯಾ ಇಲ್ಲವಾ ಎಂದು ಏಳು ವರ್ಷದಲ್ಲಿ ನಾನೂ ಒಮ್ಮೆಯೂ ವಿಚಾರಿಸಿಲ್ಲ. ಯಾವ ಟೈ ಎಂದು ಕೇಳಿದವನು, ಯಾಕೆ ಆ ಟೈ ಎಂದು ಕೇಳಬೇಕಿತ್ತು ಅಲ್ವಾ? ನನಗೆ ಬೇಕಾಗಿದ್ದದ್ದು ಆ ಎರಡನೇ ಪದ. ಹೊರಡು.

ಈ ಮನೆಯಲ್ಲಿ ಈಗ ಹಾಗನ್ನುವವರಿಲ್ಲ. ಅದು ನಿನಗೆ ಗೊತ್ತು, ಇಲ್ಲಿ ಬಿಡಿಸಿ ಹೇಳಲ್ಲ. ಆದರೆ ಮೊನ್ನೆ ಬೀರು ತೆರೆದು ನಿಂತಾಗ ಇನ್ನೊಂದು ಹೊಳೆಯಿತು. ನನ್ನ ಹತ್ತಿರ ಆರು ಸೂಟುಗಳಿವೆ, ಆರೂ ಕಂದು. ಮೊದಲನೆಯದ್ದನ್ನು ಕೊಂಡದ್ದು ಯಾವ ವರ್ಷ ಎಂದು ಲೆಕ್ಕ ಹಾಕಿದೆ, ನೀನೂ ಹಾಕು. ಜನ ಕೇಳಿದಾಗ ಹಳೇ ಉಣ್ಣೆಯ ಆಳ, ಹಳ್ಳಿಯ ಬಣ್ಣ, ಕಟ್ಟಳೆ ಮುರಿಯುವ ಖುಷಿ ಅಂತೆಲ್ಲ ಹೇಳುತ್ತೇನೆ. ನೇವಿ ಬ್ಲೂ ಹಾಕಿದರೆ ಯಾರನ್ನೂ ಏನೂ ಕೇಳಬೇಕಾಗಿಲ್ಲ. ಕಂದಾದರೆ ಪ್ರತಿ ಸಲ ಕೇಳಬೇಕಾಗುತ್ತದೆ. ಬಹುಶಃ ಅದಕ್ಕೇ ನಾನು

ಈ ಸಾಲು ಇಷ್ಟಕ್ಕೇ ಇರಲಿ. ಇದನ್ನು ಬರೆಯಬೇಕು ಅಂತ ಕೂತವನೇ ಅಲ್ಲ. ಟೈ ಬಗ್ಗೆ ಬರೆಯಲು ಕೂತಿದ್ದೆ. ಮೇಲೆ ಕಿತ್ತಳೆ, ಕತ್ತಲೆ ಕೋಣೆ, ಪಕ್ಕದ ಬೆಳಕು ಅಂತೆಲ್ಲ ಹೇಳಿದ್ದನ್ನು ಇಲ್ಲಿಗೆ ತಂದು ಅಂಟಿಸಿ ಕಣ್ಣು ಒರೆಸಿಕೊಳ್ಳುವ ಓದುಗರಿದ್ದರೆ, ದಯವಿಟ್ಟು ಬೇಡ. ಅದು ಅಂಗಿಯ ವಿಷಯ.

ನಿನಗೆ ಇನ್ನೊಂದು ನಗುವ ಸುದ್ದಿ. 1947ರ ಸೂಟಿನ ಪ್ಯಾಂಟಿಗೆ ನುಸಿ ಬಿದ್ದಿದೆ. ಹಾರಾಡುವ ನುಸಿ ಬಟ್ಟೆ ತಿನ್ನುವುದಿಲ್ಲ, ತಿನ್ನುವುದು ಅದರ ಹುಳು. ಹುಳು ಸಾಯಬೇಕಾದರೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ ಇಡಬೇಕು. ಹಾಗಾಗಿ ಸದ್ಯ ನನ್ನ ಫ್ರೀಜರಿನಲ್ಲಿ ಐಸ್ ಟ್ರೇ ಪಕ್ಕ ಒಬ್ಬ ಇಂಗ್ಲಿಷಿನವನ ಪ್ಯಾಂಟು ಮಲಗಿದೆ. ತೂತು ಇರುವುದು ಕೂರುವ ಜಾಗದಲ್ಲೇ. ಅವತ್ತು ಹಾಗೇ ಬಂದಿದ್ದರೆ ಯಾವ ಟೈ ಕಟ್ಟಿದ್ದರೂ ನಿನ್ನ ಹನ್ನೆರಡು ಟೀ ಶರ್ಟುಗಳು ಅದನ್ನು ನೋಡುತ್ತಿರಲಿಲ್ಲ.

ಶನಿವಾರ ಬರುತ್ತೇನೆ. ಫೋಟೋ ಕಳಿಸಲ್ಲ. ಕುದುರೆ ಕೂದಲಿನ ನನ್ನ ಬಟ್ಟೆ ಬ್ರಷ್ ನಿನ್ನ ಹತ್ತಿರವೇ ಇದೆ, ಅದರಲ್ಲಿ ನೀನು ಶೂ ಉಜ್ಜುತ್ತಿರುವುದು ನನಗೆ ಗೊತ್ತು, ತೊಳೆದಿಡು.

ನಿನ್ನ,
ರಾಯಭಾರಿ

ಮರೆತಿದ್ದೆ: ನಲ್ಲಿ ಇನ್ನೂ ಸೋರುತ್ತಿದೆ. ನೀನು ಹೊರಡು ಅಂದಿದ್ದಕ್ಕೆ ಹೊರಟುಬಿಟ್ಟೆ, ಆ ಫೋಟೋ ಪ್ಲಂಬರ್‌ಗೆ ಹೋಗಲೇ ಇಲ್ಲ.