ಒಳಚರಂಡಿ ಕೊಳವೆಯ ಜಾಯಿಂಟಿಗೂ ಒಂದು ದರ ಬೇಕು

ಮಾನ್ಯ ಸಂಪಾದಕರೇ,

2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳ ಕಡೆ ಒಳಚರಂಡಿಗಾಗಿ ರಸ್ತೆ ಅಗೆದಾಗಲೆಲ್ಲ ವೆಚ್ಚದ ಚರ್ಚೆ ಏಳುತ್ತದೆ, ಮತ್ತು ಆ ಚರ್ಚೆ ಕೊಳವೆಯ ಬೆಲೆಯನ್ನು ದಾಟಿ ಮುಂದೆ ಹೋಗುವುದೇ ಅಪರೂಪ. ಬಹಳ ವರ್ಷ ಗುಂಡಿಯ ಅಂಚಿನಲ್ಲಿ ನಿಂತು ಕೊಳವೆ ಹಾಸಿಸಿದವನಾಗಿ ಎರಡು ಕೊಳವೆ ಕೂಡುವ ಜಾಗದ, ಅಂದರೆ ಜಾಯಿಂಟಿನ ಬಗ್ಗೆ ಕೆಲವು ಮಾತು ಬರೆಯುತ್ತಿದ್ದೇನೆ.

ನಮ್ಮ ಊರಿನ ನೆಲ ಮೇಲೆ ಕೆಮ್ಮಣ್ಣು, ಎಷ್ಟೋ ಕಡೆ ಸ್ವಲ್ಪ ಕೆಳಗೇ ಗಟ್ಟಿ ಬಂಡೆ. ಇಳಿಜಾರಿನಲ್ಲೇ ಹರಿಯಬೇಕಾದ ಕೊಳವೆ ಮುಂದೆ ಹೋದಂತೆ ಆಳಕ್ಕೆ ಇಳಿಯುತ್ತದೆ. ಮನೆಗಳ ನಡುವೆ ಸಿಡಿಮದ್ದು ಬಳಸುವಂತಿಲ್ಲದ ಕಾರಣ ಬ್ರೇಕರ್‌ನಲ್ಲಿ ಬಂಡೆ ಒಡೆಯುವುದು, ಮಣ್ಣು ಕುಸಿಯದಂತೆ ಹಲಗೆ ಕೊಡುವುದು, ಕೊನೆಗೆ ಡಾಂಬರು ಹಾಕುವುದು, ಹಣ ಕರಗುವುದು ಇಲ್ಲಿ. ಒಂದು ಜಾಯಿಂಟ್ ಸೋರಿದರೆ ಇಷ್ಟೂ ಖರ್ಚನ್ನು ಅದೇ ಜಾಗದಲ್ಲಿ ಮತ್ತೊಮ್ಮೆ ಮಾಡಬೇಕು.

ಬೀದಿಯೊಳಗಿನ ಸಣ್ಣ ಕೊಳವೆಗಳಿಗೆ ಹಿಂದೆ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ ಕೊಳವೆ) ಬಳಸುತ್ತಿದ್ದರು, ಈಗ ಪ್ಲಾಸ್ಟಿಕ್ ಬಂದಿದೆ. ಆದರೂ ರಾಜಕಾಲುವೆ ದಾಟುವಲ್ಲಿ, ಭಾರಿ ವಾಹನ ಓಡುವ ರಸ್ತೆಯಡಿ ಮತ್ತು ಪಂಪಿಂಗ್ ಮಾರ್ಗದಲ್ಲಿ ಕಬ್ಬಿಣ ಬಿಟ್ಟಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಬೀಡುಕಬ್ಬಿಣದ ಕೊಳವೆಗೆ ಸೀಸದ ಜಾಯಿಂಟು. ಒಂದು ಕೊಳವೆಯ ತುದಿಯನ್ನು ಇನ್ನೊಂದರ ಅಗಲವಾದ ಬಾಯಿಗೆ, ಅಂದರೆ ಸಾಕೆಟ್ಟಿಗೆ ಸೇರಿಸಿ, ನಡುವಿನ ಸಂದಿಗೆ ಸೆಣಬಿನ ಹುರಿ ಗಿಡಿದು, ಬಾಯಿಗೆ ಹಸಿ ಜೇಡಿಮಣ್ಣು ಮೆತ್ತಿ, 327 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುವ ಸೀಸವನ್ನು ಕಾಯಿಸಿ ಒಂದೇ ಉಸಿರಿಗೆ ಸುರಿಯಬೇಕಿತ್ತು. ಒಳಗೆ ಒಂದಿಷ್ಟು ತೇವವಿದ್ದರೆ ಸೀಸ ಮುಖಕ್ಕೇ ಸಿಡಿಯುತ್ತಿತ್ತು. ಆರಿದಾಗ ಸೀಸ ಕುಗ್ಗುವುದರಿಂದ ಉಳಿ, ಸುತ್ತಿಗೆ ಹಿಡಿದು ಸುತ್ತಲೂ ಬಡಿದು ಕೂರಿಸುವುದು ಬೇರೆ. 300 ಮಿ.ಮೀ. ಕೊಳವೆಯ ಒಂದು ಜಾಯಿಂಟಿಗೆ ಸುಮಾರು 7 ಕಿಲೋ ಸೀಸ ಹೋಗುತ್ತಿತ್ತು. ಐದೂವರೆ ಮೀಟರ್ ಉದ್ದದ ಕೊಳವೆಯಾದರೆ ಕಿಲೋಮೀಟರಿಗೆ 180ಕ್ಕೂ ಹೆಚ್ಚು ಜಾಯಿಂಟುಗಳು. ಸೀಸವೇ ಒಂದೂಕಾಲು ಟನ್ ಆಯಿತು!

ಈಗಿನ ಡಕ್ಟೈಲ್ ಕಬ್ಬಿಣದ (ಬೀಡುಕಬ್ಬಿಣದಂತೆ ಸುಲಭವಾಗಿ ಒಡೆಯದ ಕಬ್ಬಿಣ) ಕೊಳವೆಗೆ ಸಾಕೆಟ್ಟಿನೊಳಗೆ ಕೂರಿಸುವ ರಬ್ಬರ್ ರಿಂಗ್ ಸಾಕು. ಬೆಂಕಿ ಬೇಡ, ಸೀಸ ಬೇಡ, ನೆಲ ಸ್ವಲ್ಪ ಕುಸಿದು ಕೊಳವೆ ಒಂದೆರಡು ಡಿಗ್ರಿ ಓರೆಯಾದರೂ ಜಾಯಿಂಟ್ ತಡೆದುಕೊಳ್ಳುತ್ತದೆ. ಆದರೆ ಸುಲಭವಾದ ಕೆಲಸವೆಂದು ಯಾರು ಬೇಕಾದರೂ ಮಾಡತೊಡಗಿದ್ದಾರೆ. ರಿಂಗು ಕೂರುವ ಸಾಕೆಟ್ಟಿನ ತೋಡಿನಲ್ಲಿ ಒಂದು ಹಿಡಿ ಮರಳು ಉಳಿದರೂ ರಿಂಗು ಸರಿಯಾಗಿ ಕೂರುವುದಿಲ್ಲ. ಜಾರಲೆಂದು ಸೋಪಿನ ನೀರಿಗೆ ಬದಲು ಕೈಗೆ ಸಿಕ್ಕ ಗ್ರೀಸ್ ಬಳಿದರೆ ರಬ್ಬರು ಕಾಲಕ್ರಮೇಣ ಉಬ್ಬಿ ಕೆಡುತ್ತದೆ.

ನಾನಿರುವ ಬೀದಿಯಲ್ಲೇ ಒಂದೇ ಜಾಗವನ್ನು ಎರಡು ವರ್ಷಗಳಲ್ಲಿ ಮೂರು ಸಲ ಅಗೆದರು. ಮೂರನೆಯ ಸಲ ಗುಂಡಿಗೆ ಇಣುಕಿದೆ. ಅಳತೆಗೆಂದು ಕತ್ತರಿಸಿದ ಕೊಳವೆಯ ತುದಿಯನ್ನು ಉಜ್ಜಿ ಓರೆ ಮಾಡದೆ ಹಾಗೇ ನೂಕಿದ್ದರು. ಚೂಪಾದ ಅಂಚು ರಿಂಗನ್ನು ಸೀಳಿ, ಅರ್ಧ ರಿಂಗು ಕೊಳವೆಯೊಳಗೆ ನಾಲಗೆಯಂತೆ ಜೋತುಬಿದ್ದಿತ್ತು. ಅದಕ್ಕೆ ಬಟ್ಟೆ, ಕೂದಲು ಸಿಕ್ಕಿಕೊಂಡು ಮೇಲಿನ ಮ್ಯಾನ್‌ಹೋಲ್ ಉಕ್ಕುತ್ತಿತ್ತು. ಕೊಳವೆಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ.

ಟೆಂಡರಿನಲ್ಲಿ ‘ಕೊಳವೆ ಇಳಿಸಿ, ಹಾಸಿ, ಜೋಡಿಸಿ, ಪರೀಕ್ಷಿಸುವುದು’ ಎಂದು ಮೀಟರ್ ಲೆಕ್ಕದಲ್ಲಿ ಒಂದೇ ದರ ಬರೆಯುವ ರೂಢಿ ಇದಕ್ಕೆ ಮುಖ್ಯ ಕಾರಣವೆಂದು ನನ್ನ ಅನಿಸಿಕೆ. ಮೀಟರಿಗೆ ಹಣ ಬರುವಾಗ ಕೆಲಸದವನ ಗಮನವೂ ಮೀಟರಿನ ಮೇಲೇ ಇರುತ್ತದೆ. ಜಾಯಿಂಟಿಗೆ ಪ್ರತ್ಯೇಕ ದರ ನಿಗದಿಪಡಿಸಿ, ಎರಡು ಮ್ಯಾನ್‌ಹೋಲ್‌ಗಳ ನಡುವಿನ ಭಾಗಕ್ಕೆ ನೀರು ತುಂಬಿಸಿ ಮಟ್ಟ ಇಳಿಯುವುದಿಲ್ಲವೆಂದು ಖಚಿತವಾದ ಬಳಿಕವೇ ಗುಂಡಿ ಮುಚ್ಚಲು ಮತ್ತು ಆ ದರ ಪಾವತಿಸಲು ಅನುಮತಿ ಕೊಡಬೇಕೆಂದು ಸಂಬಂಧಪಟ್ಟವರಲ್ಲಿ ಕೇಳಿಕೊಳ್ಳುತ್ತೇನೆ. ಇದರಿಂದ ಅಂದಾಜು ಪಟ್ಟಿಯ ಮೊತ್ತ ತುಸು ಏರಬಹುದು, ಏರಲಿ.

ಪರೀಕ್ಷೆಗೆ ನೀರೆಲ್ಲಿ ಎಂಬ ಆಕ್ಷೇಪವನ್ನು ಗುತ್ತಿಗೆದಾರರಿಂದ ಬೇಕಾದಷ್ಟು ಸಲ ಕೇಳಿದ್ದೇನೆ. 300 ಮಿ.ಮೀ. ವ್ಯಾಸದ, 30 ಮೀಟರ್ ಉದ್ದದ ಕೊಳವೆ ತುಂಬಲು ಬೇಕಾದದ್ದು ಸುಮಾರು 2,100 ಲೀಟರ್. ಕಾವೇರಿ ನೀರೇ ಆಗಬೇಕಿಲ್ಲ, ಸಂಸ್ಕರಿಸಿದ ನೀರಿನ ಒಂದು ಸಣ್ಣ ಟ್ಯಾಂಕರ್ ಸಾಕು.

ಇಂತಿ,
ನಿವೃತ್ತ ಕಾಮಗಾರಿ ಮೇಲ್ವಿಚಾರಕ, ಬೆಂಗಳೂರು