ಭಾನುವಾರದ ಲಾ-ಮುಲಾನಾ: ನೋಟ್‌ಬುಕ್ ಮರೆಯಬೇಡಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಮಧ್ಯಾಹ್ನ 2.30ಕ್ಕೆ ಬದಿಯಡ್ಕದಲ್ಲಿ, ಯಾವಾಗಿನ ಕೋಣೆಯಲ್ಲೇ ಲಾ-ಮುಲಾನಾ ಆಟ ಉಂಟು. ಇದು ಹಳೆಯ ಅವಶೇಷಗಳೊಳಗೆ ಶಾಸನ ಓದಿ ಒಗಟು ಬಿಡಿಸುತ್ತ ಸಾಗುವ ವಿಡಿಯೋ ಗೇಮ್. ಹೊಸದಾಗಿ ಸೇರಿದವರು ಇದನ್ನು ಪೂರ್ತಿ ಓದಿ.

ಆಡುವುದು 2012ರ ಕಂಪ್ಯೂಟರ್ ಆವೃತ್ತಿ. ಮೊದಲು ಆಟದೊಳಗಿನ ಊರಿನ ಅಂಗಡಿಯಲ್ಲಿ ಹ್ಯಾಂಡ್ ಸ್ಕ್ಯಾನರ್ (ಶಾಸನವನ್ನು ಪರಿಶೀಲಿಸುವ ಉಪಕರಣ), ಲಿಪಿ ಓದುವ ಸಾಫ್ಟ್‌ವೇರ್ ಎರಡನ್ನೂ ಕೊಳ್ಳಿ. ಬರೀ ಸ್ಕ್ಯಾನರಿನಿಂದ ಶಾಸನದ ಅರ್ಥ ಸಿಗುವುದಿಲ್ಲ. ಓದಿದ್ದನ್ನೆಲ್ಲ ಜಾಗದ ಹೆಸರು ಸಮೇತ ಬರೆದಿಡಿ, ಇಲ್ಲಿನ ಸುಳಿವು ಬೇಕಾಗುವುದು ಇನ್ನೆಲ್ಲೋ.

ಒಗಟು ಬಿಡಿಸಲು ಪೀಠದ ಮೇಲಿಟ್ಟ ತೂಕದ ಕಲ್ಲು ವಾಪಸ್ ಬರುವುದಿಲ್ಲ, ಐದಾರಾದರೂ ಕೈಯಲ್ಲಿರಲಿ. ಹಿನ್ನೆಲೆಯ ಗೋಡೆಯಲ್ಲಿ ಕಣ್ಣಿನ ಚಿತ್ರ ಕಂಡರೆ ಚಾವಟಿ ಬೀಸುವ ಮುಂಚೆ ನಿಲ್ಲಿ. ಹೊಡೆಯಬಾರದ್ದಕ್ಕೆ ಪೆಟ್ಟು ಬಿದ್ದರೆ ಸಿಡಿಲು ಎರಗುತ್ತದೆ, ಜೀವ ಇಳಿಯುತ್ತದೆ. ಇನ್ನೊಂದು ಮುಖ್ಯ ವಿಷಯ: ಮತ್ತೆ ಓದಬೇಡ ಎಂದು ಎಚ್ಚರಿಸುವ ಶಾಸನವನ್ನು ದಯವಿಟ್ಟು ಮತ್ತೆ ಓದಬೇಡಿ! ಓದಿದರೆ ಆಟ ಕಠಿಣ ಮಟ್ಟಕ್ಕೆ ತಿರುಗುತ್ತದೆ, ಹಳೆಯ ಸೇವ್ ತೆರೆಯುವುದೊಂದೇ ದಾರಿ.

ಸೇವ್ ಮಾಡಲು ಆಟದೊಳಗೆ ಅಲ್ಲಲ್ಲಿ ಇರುವ ಗ್ರೇಲ್ ಶಿಲೆ ಎಂಬ ಕಲ್ಲಿನ ಫಲಕಕ್ಕೇ ಬರಬೇಕು. ಮಳೆಗೆ ಕರೆಂಟು ಹೋಗುವ ಊರು ನಮ್ಮದು, ಶಿಲೆ ಸಿಕ್ಕಾಗಲೆಲ್ಲ ಸೇವ್ ಮಾಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿ ತಿಳಿಸಿ. ಕಂಟ್ರೋಲರ್ ಎರಡೇ ಇವೆ, ಇದ್ದವರು ತನ್ನಿ. ಒಗಟಿನ ಉತ್ತರ ಮಾತ್ರ ಯಾರೂ ಗುಂಪಿಗೆ ಹಾಕಬೇಡಿ.