ಅವ್ವನ ಬಿಪಿ ಯಾರು ನೋಡಬೇಕು?

ರಾಯಚೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ನಾನು ಸಿಂಧನೂರು ತಾಲ್ಲೂಕಿನವಳು. ಹೋದ ವರ್ಷ ಭತ್ತದ ನಾಟಿ ಹೊತ್ತಿನಲ್ಲಿ ಅಪ್ಪನಿಗೆ ಎದೆನೋವು ಬಂತು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಪುಕ್ಕಟೆ ಸಿಕ್ಕಿತು. ಬಿಪಿಎಲ್ ಕಾರ್ಡ್ ಇದ್ದುದರಿಂದ ಸ್ಟೆಂಟ್ ಖರ್ಚೂ ಆಯುಷ್ಮಾನ್‌ನಲ್ಲಿ ಹೋಯಿತು. ಅಪ್ಪ ಉಳಿದ. ಸರ್ಕಾರದ ಈ ಉಪಕಾರ ನಾವು ಮರೆಯುವುದಿಲ್ಲ.

ಈಗ ಅವ್ವನ ವಿಷಯಕ್ಕೆ ಬರುತ್ತೇನೆ.

ಅಪ್ಪನ ಹೃದಯದ ಪಂಪಿಂಗ್ ಕಡಿಮೆಯಾಗಿದೆ. ಅಂಗಾತ ಮಲಗಿದರೆ ದಮ್ಮು. ಬೆನ್ನಿಗೆ ಮೂರು ದಿಂಬು ಕೊಟ್ಟು, ಉಸಿರು ಹೇಗೆ ಓಡುತ್ತಿದೆ ಅಂತ ನೋಡುತ್ತಾ ಅವ್ವ ಪಕ್ಕದಲ್ಲೇ ಕೂರುತ್ತಾಳೆ. ಮೈಯಲ್ಲಿನ ನೀರನ್ನು ಮೂತ್ರವಾಗಿ ಹೊರಹಾಕುವ ನೀರಿನ ಗುಳಿಗೆಯಿಂದ ರಾತ್ರಿ ನಾಲ್ಕು ಸಲ ಬಚ್ಚಲಿಗೆ ಕರೆದೊಯ್ಯಬೇಕಿತ್ತು. ಎರಡನೇ ಗುಳಿಗೆ ಮಧ್ಯಾಹ್ನವೇ ಕೊಟ್ಟರೆ ರಾತ್ರಿ ನಿದ್ದೆ ಸಿಗುತ್ತದೆ ಅಂತ ನರ್ಸಮ್ಮ ಒಬ್ಬರು ಹೇಳುವ ಹೊತ್ತಿಗೆ ಎಂಟು ತಿಂಗಳು ಕಳೆದಿತ್ತು! ದಿನಾ ಬೆಳಿಗ್ಗೆ ತೂಕ ನೋಡಬೇಕು, ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಅಂತ ಅರ್ಥ. ಅದೂ ಗೊತ್ತಿರಲಿಲ್ಲ. ಕಾಲು ಊದಿದಾಗ ವಯಸ್ಸಾಯಿತು ಅಂದುಕೊಂಡೆವು. ಮತ್ತೆ ಅಡ್ಮಿಟ್ ಮಾಡಬೇಕಾಯಿತು. ಡಿಸ್ಚಾರ್ಜ್ ಚೀಟಿಯಲ್ಲಿ ಎಲ್ಲ ಬರೆದಿದ್ದರಂತೆ, ಇಂಗ್ಲಿಷ್‌ನಲ್ಲಿ. ಅವ್ವ ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುವವಳು.

ಉಪ್ಪು ಕಮ್ಮಿ ಮಾಡಿದರೆ ಅಪ್ಪ ತಾಟು ತಳ್ಳುತ್ತಾನೆ. ಸಪ್ಪೆ ಪಲ್ಯದ ಬೈಗುಳವೂ ಅವ್ವನಿಗೇ. ನಾಟಿ ಕೂಲಿ ಬಿಟ್ಟಿದ್ದಾಳೆ. ಶಕ್ತಿ ಯೋಜನೆಯಿಂದ ಅವಳ ಬಸ್ ಚಾರ್ಜ್ ಉಳಿಯಿತು, ಅಷ್ಟರ ಮಟ್ಟಿಗೆ ಸರಿ.

ಹೋದ ತಿಂಗಳು ನಳದ ಹತ್ತಿರ ತಲೆ ತಿರುಗಿ ಬಿದ್ದಳು. ನೋಡಿದರೆ ಬಿಪಿ 180. ಅಪ್ಪನ ಜೊತೆ ವರ್ಷದಲ್ಲಿ ಹನ್ನೊಂದು ಸಲ ಆಸ್ಪತ್ರೆಗೆ ಹೋಗಿದ್ದಾಳೆ ಸರ್. ಒಮ್ಮೆಯೂ ಯಾರೂ ಅವಳ ತೋಳಿಗೆ ಪಟ್ಟಿ ಸುತ್ತಲಿಲ್ಲ. ಅವಳೂ ಕೇಳಲಿಲ್ಲ ಬಿಡಿ. ಪೇಷಂಟ್ ಅವಳಲ್ಲವಲ್ಲ.

ಕಲ್ಯಾಣ ಕರ್ನಾಟಕ ಮಂಡಳಿಯ ದುಡ್ಡಿನಲ್ಲಿ ಕಟ್ಟಡ ಕಟ್ಟುತ್ತೀರಿ. ನಾನು ಕೇಳುವುದಕ್ಕೆ ಕಟ್ಟಡ ಬೇಕಿಲ್ಲ. ಹೃದಯದ ರೋಗಿಯನ್ನು ಮನೆಗೆ ಕಳಿಸುವ ದಿನ, ನೋಡಿಕೊಳ್ಳುವವರನ್ನು ಕೂರಿಸಿಕೊಂಡು ಅರ್ಧ ಗಂಟೆ ಕನ್ನಡದಲ್ಲಿ ಹೇಳಿಕೊಡಲಿ. ದೊಡ್ಡಕ್ಷರದ ಒಂದು ಹಾಳೆ ಕೊಡಲಿ. ತಿಂಗಳ ತಪಾಸಣೆ, ಗುಳಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಲಿ. ಜೊತೆಗೆ ಬಂದವರ ಬಿಪಿ, ಶುಗರ್ ಕೂಡ ನೋಡಲಿ. ಮಷೀನ್ ಹೇಗೂ ಮೇಜಿನ ಮೇಲೇ ಇರುತ್ತದೆ, ಅಲ್ವಾ?

ಈಗ ನಮ್ಮನೆಯಲ್ಲಿ ಗುಳಿಗೆ ಡಬ್ಬಿ ಎರಡು. ಅಪ್ಪನದು ಅವ್ವ ಹೊತ್ತಿಗೆ ಸರಿಯಾಗಿ ಕೊಡುತ್ತಾಳೆ. ಅವಳದನ್ನು ನಾನು ದಿನಾ ಫೋನ್ ಮಾಡಿ ನೆನಪಿಸಬೇಕು.

ಇಂತಿ,
ಸಿಂಧನೂರು ತಾಲ್ಲೂಕಿನ ಒಬ್ಬ ಮಗಳು